ಕರ್ನೆಲ್ಲಿಗೆ ಹಾಕಿದ ಕೊಕ್ಕೆಗಳು

ಲೋಟದಲ್ಲಿರುವ ಬಿಸಿನೀರಿನ ಉಷ್ಣತೆಯನ್ನು ತಿಳಿಯಲು ನಾವು ಅದರಲ್ಲಿ ಥರ್ಮಾಮೀಟರನ್ನು ಅದ್ದುತ್ತೇವೆ. ಥರ್ಮಾಮೀಟರಿನ ಗಾಜೂ ಪಾದರಸವೂ ಮೊದಲು ತಣ್ಣಗಿದ್ದುವು. ಅವು ಬಿಸಿಯಾಗಬೇಕಾದರೆ ಆ ನೀರಿನಿಂದಲೇ ಶಾಖವನ್ನು ಹೀರಿಕೊಳ್ಳಬೇಕು. ಆದುದರಿಂದ ನಾವು ಓದುವುದು ಥರ್ಮಾಮೀಟರನ್ನು ಅದ್ದಿದ ಮೇಲಿನ ಉಷ್ಣತೆಯನ್ನೇ ಹೊರತು ಅದ್ದುವುದಕ್ಕೆ ಮುಂಚಿನದನ್ನಲ್ಲ. ಒಂದು ಲೋಟ ನೀರಿನಲ್ಲಿ ಈ ವ್ಯತ್ಯಾಸ ಗಣನೆಗೆ ಬಾರದು. ಆದರೆ ನಾಲ್ಕು ತೊಟ್ಟು ನೀರಿನ ಉಷ್ಣತೆಯನ್ನು ಅದೇ ಥರ್ಮಾಮೀಟರಿನಿಂದ ಅಳೆಯಹೊರಟರೆ, ಅಳೆಯುವ ಕಾರ್ಯವೇ ಅಳೆಯಬೇಕಾದುದನ್ನು ಕೆಡಿಸಿಬಿಡುತ್ತದೆ. ವಿದ್ಯುನ್ಮಂಡಲಕ್ಕೆ ವೋಲ್ಟ್‌ಮೀಟರನ್ನು ಜೋಡಿಸುವಾಗಲೂ ಇದೇ ತೊಡಕು. ಅದರ ರೋಧ ಬಹಳ ಹೆಚ್ಚಾಗಿರಬೇಕೆಂದು ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವುದು ಇದಕ್ಕಾಗಿಯೇ.

ಈ ತೊಡಕು ಭೌತವಿಜ್ಞಾನಕ್ಕೆ ಮಾತ್ರ ಮೀಸಲಾದುದಲ್ಲ. ಕಂಪ್ಯೂಟರನ್ನು ನಡೆಸುವ ಪ್ರೋಗ್ರಾಮುಗಳ ಒಳಹೊಕ್ಕು ನೋಡಬಯಸುವವರನ್ನೂ ಅದು ಬಹುಕಾಲ ಕಾಡಿದೆ. ಅಲ್ಲಿ ಅಳತೆಯ ಉಪಕರಣವೆಂದರೆ ಗಾಜೂ ಅಲ್ಲ, ತಂತಿಯೂ ಅಲ್ಲ. ಪ್ರೋಗ್ರಾಮಿನೊಳಗೇ ಸೇರಿಸಿದ ಕೆಲವು ಆದೇಶಗಳು. ಇವಕ್ಕೆ ಟ್ರೇಸಿಂಗ್ ಹುಕ್ ಎಂದು ಹೆಸರು. ಜಾಡು ಹಿಡಿಯುವ ಕೊಕ್ಕೆ ಎಂದು ನಾವು ಹೇಳಬಹುದು. ಬೇಕಾದಾಗ ಎಲ್ಲವನ್ನೂ ಬರೆದಿಡಬೇಕು, ಬೇಡವಾದಾಗ ಇದ್ದೂ ಇಲ್ಲದಂತಿರಬೇಕು: ಇದು ಆ ಕೊಕ್ಕೆಯಿಂದ ನಾವು ಅಪೇಕ್ಷಿಸುವ ಗುಣ. ಇದನ್ನು ಸಾಧಿಸಲು ಹೂಡಿದ ಉಪಾಯವನ್ನೂ, ಆ ಉಪಾಯವೇ 2008ರಲ್ಲಿ ತಂದೊಡ್ಡಿದ ಒಂದು ವಿಪತ್ತನ್ನೂ ಇಲ್ಲಿ ವಿವರಿಸುತ್ತೇವೆ.

ಮೊದಲು ಕರ್ನೆಲ್ ಎಂದರೇನೆಂಬುದನ್ನು ತಿಳಿದುಕೊಳ್ಳೋಣ. ಒಂದು ಕಂಪ್ಯೂಟರಿನಲ್ಲಿ ಏಕಕಾಲದಲ್ಲಿ ನೂರಾರು ಪ್ರೋಗ್ರಾಮುಗಳು ನಡೆಯುತ್ತಿರುತ್ತವೆ. ಪ್ರೊಸೆಸರನ್ನು ಯಾವುದು ಎಷ್ಟು ಹೊತ್ತು ಬಳಸಬೇಕು, ಮೆಮೊರಿಯಲ್ಲಿ ಯಾವುದಕ್ಕೆ ಎಷ್ಟು ಜಾಗ, ಡಿಸ್ಕಿನಿಂದ ಬಂದ ಮಾಹಿತಿ ಯಾವುದಕ್ಕೆ ಸಲ್ಲಬೇಕು, ಇವನ್ನೆಲ್ಲ ನಿರ್ಣಯಿಸುವ ಯಜಮಾನಿಕೆ ಆಪರೇಟಿಂಗ್ ಸಿಸ್ಟಮಿನದು. ಅದರ ತಿರುಳೇ ಕರ್ನೆಲ್. ಬೇರೊಂದು ಪ್ರೋಗ್ರಾಮು ತಪ್ಪು ಮಾಡಿದರೆ ಕರ್ನೆಲ್ ಅದನ್ನು ಹಿಡಿದು ನಿಲ್ಲಿಸಬಲ್ಲುದು. ಕರ್ನೆಲ್ಲೇ ತಪ್ಪು ಮಾಡಿದರೆ ಹಿಡಿಯುವವರು ಯಾರೂ ಇಲ್ಲ. ಇಡೀ ಯಂತ್ರ ನಿಂತುಹೋಗುತ್ತದೆ, ಅಥವಾ ಅದಕ್ಕಿಂತ ಕೆಟ್ಟದಾಗಿ, ನಿಲ್ಲದೆ ತಪ್ಪು ಕೆಲಸವನ್ನೇ ಮುಂದುವರಿಸುತ್ತದೆ. ಫಿನ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬುವನು 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು ಆಂಡ್ರಾಯಿಡ್ ಫೋನುಗಳಿಂದ ಹಿಡಿದು ಅತಿ ದೊಡ್ಡ ಗಣಕಯಂತ್ರಗಳವರೆಗೆ ವ್ಯಾಪಿಸಿದೆ. ಅದರ ಮೂಲಪಾಠ ಯಾರು ಬೇಕಾದರೂ ಓದಬಹುದಾದಂತೆ ತೆರೆದಿರುವುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ.

ಫೋನಿನಲ್ಲಿ ಹಾಡು ಕೇಳುತ್ತಿರುವಾಗ ಮಧ್ಯೆ ಒಮ್ಮೆ ತೊಡರಿದಂತಾಯಿತೆಂದು ಭಾವಿಸೋಣ. ಹಾಡಿನ ಪ್ರೋಗ್ರಾಮಿಗೆ ಪ್ರೊಸೆಸರು ಸಕಾಲಕ್ಕೆ ದೊರೆಯಲಿಲ್ಲವೆಂಬುದು ಸ್ಪಷ್ಟ. ಆಗ ಅದನ್ನು ಹಿಡಿದುಕೊಂಡಿದ್ದುದು ಯಾವುದು? ಏಕೆ? ಈ ಪ್ರಶ್ನೆಗೆ ಉತ್ತರ ಕರ್ನೆಲ್ಲಿನೊಳಗೆ ಮಾತ್ರ ಇದೆ. ಇಂಥ ಸಂದರ್ಭದಲ್ಲಿ ಪ್ರೋಗ್ರಾಮು ಬರೆಯುವವರು ಮೊದಲಿನಿಂದಲೂ ಅನುಸರಿಸುತ್ತ ಬಂದ ದಾರಿಯೆಂದರೆ, ಸಂಶಯವಿರುವ ಸ್ಥಳಗಳಲ್ಲೆಲ್ಲ 'ಇಲ್ಲಿಗೆ ಬಂದೆ' ಎಂಬ ಒಂದೊಂದು ಸಾಲನ್ನು ಮುದ್ರಿಸುವ ಆದೇಶವನ್ನು ಸೇರಿಸುವುದು. ಇದು ಸುಲಭ, ಆದರೆ ಇದರ ಬೆಲೆಯೆಷ್ಟೆಂದು ಲೆಕ್ಕ ಹಾಕಿ ನೋಡಬೇಕು.

ಕರ್ನೆಲ್ಲಿನ ಸಂದೇಶಗಳನ್ನು ಹೊರತರಲು ಬಳಸುವ ಸೀರಿಯಲ್ ತಂತಿಯ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 115200 ಬಿಟ್. ಒಂದು ಸಾಲಿನಲ್ಲಿ 80 ಅಕ್ಷರಗಳೆಂದೂ ಒಂದೊಂದು ಅಕ್ಷರಕ್ಕೆ 10 ಬಿಟ್ ಎಂದೂ ಇಟ್ಟುಕೊಂಡರೆ ಒಂದು ಸಾಲಿಗೆ 800 ಬಿಟ್, ಅಂದರೆ ಸುಮಾರು 7 ಮಿಲಿಸೆಕೆಂಡು. ನಮಗೆ ಇದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಕಾಲ. ಆದರೆ 3 ಗಿಗಾಹರ್ಟ್ಸ್ ಪ್ರೊಸೆಸರಿನ ಗಡಿಯಾರ ಅಷ್ಟರಲ್ಲಿ 2 ಕೋಟಿಗೂ ಹೆಚ್ಚು ಸಲ ಮಿಡಿದಿರುತ್ತದೆ! ಕೆಲವು ನೂರು ಮಿಡಿತಗಳಲ್ಲಿ ಮುಗಿಯತಕ್ಕ ಕೆಲಸದ ನಡುವೆ ಎರಡು ಕೋಟಿ ಮಿಡಿತಗಳ ವಿರಾಮವನ್ನು ತುರುಕಿದ ಮೇಲೆ ಆ ಕೆಲಸ ಮೊದಲಿನಂತೆಯೇ ನಡೆಯಿತೆಂದು ಹೇಳುವುದು ಹೇಗೆ? ಎರಡು ಪ್ರೊಸೆಸರುಗಳು ಒಂದೇ ಮಾಹಿತಿಗೆ ಒಂದೇ ಕ್ಷಣದಲ್ಲಿ ಕೈಹಾಕಿದಾಗ ಮಾತ್ರ ತೋರಿಬರುವ ದೋಷಗಳಂತೂ, ಮುದ್ರಣದ ಆದೇಶವನ್ನು ಸೇರಿಸಿದೊಡನೆ ಮಾಯವಾಗುತ್ತವೆ. ತೆಗೆದೊಡನೆ ಮತ್ತೆ ಹಾಜರಾಗುತ್ತವೆ. ಕಂಪ್ಯೂಟರಿನವರು ಇಂಥವನ್ನು ಹೈಸನ್‌ಬರ್ಗನ ಹೆಸರಿಗೆ ಪ್ರಾಸ ಸೇರಿಸಿ 'ಹೈಸನ್‌ಬಗ್' ಎಂದು ಹಾಸ್ಯವಾಗಿ ಕರೆಯುವುದುಂಟು. ಭೌತವಿಜ್ಞಾನದ ಅಧ್ಯಾಪಕರಾದ ನಾವು ಇದಕ್ಕೆ ಒಂದು ಆಕ್ಷೇಪವನ್ನು ಎತ್ತಲೇಬೇಕು. ಹೈಸನ್‌ಬರ್ಗನ ಅನಿಶ್ಚಯತೆ ಪ್ರಕೃತಿಯ ಮೂಲಸ್ವಭಾವ. ಎಷ್ಟು ಒಳ್ಳೆಯ ಉಪಕರಣವನ್ನು ತಂದರೂ ಅದು ಹೋಗುವುದಿಲ್ಲ. ಇಲ್ಲಿಯದು ಥರ್ಮಾಮೀಟರಿನ ತೊಡಕು. ಉಪಕರಣವನ್ನು ಸುಧಾರಿಸಿದಷ್ಟೂ ಅದು ಕಡಿಮೆಯಾಗುತ್ತದೆ.

ಸುಧಾರಣೆಯ ಮೊದಲ ಹೆಜ್ಜೆ ಮುದ್ರಣವನ್ನು ಬಿಟ್ಟುಬಿಡುವುದು. ನಡೆದ ಸಂಗತಿಯನ್ನು ಆಗಲೇ ಹೊರಗೆ ಕಳಿಸದೆ ಮೆಮೊರಿಯ ಒಂದು ಮೂಲೆಯಲ್ಲಿ ಬರೆದಿಟ್ಟು, ಬಿಡುವಾದಾಗ ಓದಿಕೊಂಡರಾಯಿತು. ಈ ಜಾಗವನ್ನು ಚಕ್ರಾಕಾರವಾಗಿ ಬಳಸುತ್ತಾರೆ. ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುತ್ತದೆ. ಒಂದು ಪ್ರೊಸೆಸರು ಬರೆಯುವಾಗ ಇನ್ನೊಂದು ಕಾಯಬೇಕಾಗದಂತೆ ಪ್ರತಿಯೊಂದಕ್ಕೂ ಅದರದೇ ಚಕ್ರವಿರುತ್ತದೆ. ಹೀಗೆ ಮಾಡಿದರೆ ಒಂದು ಘಟನೆಯನ್ನು ದಾಖಲಿಸುವ ಖರ್ಚು ಮುದ್ರಣದ ಖರ್ಚಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ.

ಎರಡನೆಯ ಪ್ರಶ್ನೆ ಕೊಕ್ಕೆಗಳನ್ನು ಎಲ್ಲಿ ಹಾಕಬೇಕೆಂಬುದು. ಕರ್ನೆಲ್ಲನ್ನು ಬಲ್ಲವರು ತಾವೇ ಆರಿಸಿದ ಮುಖ್ಯ ಸ್ಥಳಗಳಲ್ಲಿ ಕೈಯಿಂದ ಹಾಕುವುದು ಒಂದು ವಿಧ. ಪ್ರೊಸೆಸರು ಒಂದು ಕೆಲಸವನ್ನು ಬಿಟ್ಟು ಇನ್ನೊಂದನ್ನು ಕೈಗೆತ್ತಿಕೊಳ್ಳುವ ಜಾಗದಲ್ಲಿ 'ಷೆಡ್ ಸ್ವಿಚ್' ಎಂಬ ಕೊಕ್ಕೆಯಿದೆ. ಬಿಟ್ಟ ಕೆಲಸದ ಹೆಸರು, ಸಂಖ್ಯೆ, ಹಿಡಿದ ಕೆಲಸದ ಹೆಸರು, ಸಂಖ್ಯೆ ಇವನ್ನು ಅದು ಬರೆದಿಡುತ್ತದೆ. ಮೇಲೆ ಹೇಳಿದ ಹಾಡಿನ ಪ್ರಶ್ನೆಗೆ ಇದೊಂದೇ ಕೊಕ್ಕೆ ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಇಂಥವಕ್ಕೆ ಟ್ರೇಸ್‌ಪಾಯಿಂಟ್ ಎಂದು ಹೆಸರು. ಮಾಥ್ಯೂ ದೆನ್ವಾಯೆ ಎಂಬ ಕೆನಡಾದ ಸಂಶೋಧಕನ ಪ್ರಯತ್ನದಿಂದ 2008ರ ಕೊನೆಯಲ್ಲಿ ಇವು ಲಿನಕ್ಸ್ ಕರ್ನೆಲ್ಲಿಗೆ ಸೇರಿದುವು.

ಇಷ್ಟು ಉಪಯುಕ್ತವಾದ ವಸ್ತುವನ್ನು ಕರ್ನೆಲ್ಲಿನ ಪಾಲಕರು ಬಹಳ ವರ್ಷಗಳ ಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಅವರ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ. ಕೊಕ್ಕೆಯೆಂಬುದು ಒಂದು ವಾಗ್ದಾನದಂತೆ. ಒಮ್ಮೆ ಹಾಕಿದ ಮೇಲೆ ಅದನ್ನು ನಂಬಿ ಹೊರಗಿನವರು ತಮ್ಮ ಪ್ರೋಗ್ರಾಮುಗಳನ್ನು ಬರೆದುಕೊಳ್ಳುತ್ತಾರೆ. ಆಮೇಲೆ ಕರ್ನೆಲ್ಲಿನ ಒಳಗನ್ನು ತಿದ್ದುವ ಸ್ವಾತಂತ್ರ್ಯ ಹೋಗುತ್ತದೆ. 2011ರಲ್ಲಿ ಹೀಗೆಯೇ ಆಯಿತು. ಕರ್ನೆಲ್ಲಿನಲ್ಲಿದ್ದ ಒಂದು ಹಳೆಯ ಬೀಗವನ್ನು ಪೂರ್ತಿಯಾಗಿ ತೆಗೆದುಹಾಕಿದಾಗ, ಆ ಬೀಗದ ಸ್ಥಿತಿಯನ್ನು ತೋರಿಸುತ್ತಿದ್ದ ನಾಲ್ಕು ಬೈಟುಗಳನ್ನು ಜಾಡಿನ ದಾಖಲೆಯಿಂದಲೂ ತೆಗೆದರು. ಒಡನೆಯೇ, ಬ್ಯಾಟರಿಯ ಖರ್ಚನ್ನು ತೋರಿಸುವ 'ಪವರ್‌ಟಾಪ್' ಎಂಬ ಪ್ರೋಗ್ರಾಮು ಕೆಟ್ಟಿತು. ದಾಖಲೆಯಲ್ಲಿ ಇಂತಿಷ್ಟನೆಯ ಬೈಟಿನಲ್ಲಿ ಇಂಥದಿರುತ್ತದೆಂದು ಅದು ಎಣಿಸಿಕೊಂಡಿತ್ತು. ಕಡೆಗೆ ಇಲ್ಲದ ಬೀಗದ ಹೆಸರಿನಲ್ಲಿ ನಾಲ್ಕು ಖಾಲಿ ಬೈಟುಗಳನ್ನು ಮತ್ತೆ ಸೇರಿಸಬೇಕಾಯಿತು.

ಕೈಯಿಂದ ಹಾಕಿದ ಕೊಕ್ಕೆಗಳಿಗೆ ಇನ್ನೊಂದು ಮಿತಿಯಿದೆ: ದೋಷ ಎಲ್ಲಿ ಅಡಗಿದೆಯೆಂಬುದನ್ನು ಮೊದಲೇ ಊಹಿಸಿ ಹಾಕಿರಬೇಕು. ಊಹಿಸದ ಕಡೆಯಲ್ಲಿ ದೋಷವಿದ್ದರೆ? ಹಾಗಾದರೆ ಎಲ್ಲೆಡೆಯೂ ಹಾಕಿಬಿಡೋಣ ಎನ್ನುವುದು ಎರಡನೆಯ ವಿಧ. ಕರ್ನೆಲ್ ಅನೇಕ ಸಾವಿರ ಚಿಕ್ಕ ಚಿಕ್ಕ ಕಾರ್ಯಖಂಡಗಳಿಂದಾದುದು. ಇವನ್ನು ಫಂಕ್ಷನ್ ಎನ್ನುತ್ತಾರೆ. ಒಂದು ಫಂಕ್ಷನ್ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಪ್ರತಿಯೊಂದು ಫಂಕ್ಷನ್ನಿನ ಆರಂಭದಲ್ಲಿ ಒಂದೊಂದು ಕೊಕ್ಕೆಯಿದ್ದರೆ ಈ ಕರೆಗಳ ಸರಪಳಿಯೆಲ್ಲ ನಮ್ಮ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ. ಅಷ್ಟು ಸಾವಿರ ಕೊಕ್ಕೆಗಳನ್ನು ಹಾಕುವ ದುಡಿಮೆ ಮನುಷ್ಯರಿಗೆ ಬೇಕಾಗಿಲ್ಲ. ಮೂಲಪಾಠವನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರಿಗೆ ಹೇಳಿದರೆ ಅದೇ ಪ್ರತಿ ಫಂಕ್ಷನ್ನಿನ ತಲೆಯಲ್ಲಿಯೂ 'ಎಂಕೌಂಟ್' ಎಂಬ ಫಂಕ್ಷನ್ನಿಗೆ ಒಂದು ಕರೆಯನ್ನು ಸೇರಿಸಿಕೊಡುತ್ತದೆ. ಪ್ರೋಗ್ರಾಮಿನ ಯಾವ ಭಾಗ ಎಷ್ಟು ಸಮಯ ತಿನ್ನುತ್ತದೆಂದು ಎಣಿಸುವುದಕ್ಕಾಗಿ ಕಂಪೈಲರುಗಳಲ್ಲಿ ಈ ಸೌಕರ್ಯ ಮೊದಲೇ ಇತ್ತು. ಇಂಗೊ ಮೋಲ್ನಾರ್, ಸ್ಟೀವನ್ ರೋಸ್ಟೆಡ್ ಮೊದಲಾದವರು ಅದನ್ನೇ ಬಳಸಿಕೊಂಡು ನಿರ್ಮಿಸಿದ ಉಪಕರಣ ಎಫ್‌ಟ್ರೇಸ್.

ಇಲ್ಲಿಗೆ ಥರ್ಮಾಮೀಟರಿನ ತೊಡಕು ದೊಡ್ಡದಾಗಿ ಎದುರು ನಿಂತಿತು. ಯಾರೂ ಜಾಡು ಹಿಡಿಯುತ್ತಿಲ್ಲದಾಗಲೂ ಪ್ರತಿ ಫಂಕ್ಷನ್ನೂ ಮೊದಲು ಎಂಕೌಂಟಿನ ಬಾಗಿಲಿಗೆ ಹೋಗಿ 'ಏನೂ ಇಲ್ಲ' ಎಂಬ ಉತ್ತರ ಪಡೆದು ಹಿಂತಿರುಗಬೇಕು. ಹೋಗಿಬರುವುದಷ್ಟೇ ಕೆಲಸವಾದರೂ ಕರ್ನೆಲ್ಲಿನ ವೇಗ ಕೆಲವು ಪರೀಕ್ಷೆಗಳಲ್ಲಿ ನೂರಕ್ಕೆ ಹತ್ತಕ್ಕಿಂತಲೂ ಹೆಚ್ಚಾಗಿ ಕುಗ್ಗುತ್ತಿತ್ತು. ಸಾವಿರಾರು ಯಂತ್ರಗಳನ್ನು ನಡೆಸುವ ಸಂಸ್ಥೆಯೊಂದು, ಎಂದೋ ಒಮ್ಮೆ ಬೇಕಾಗಬಹುದಾದ ಸೌಕರ್ಯಕ್ಕೆಂದು ದಿನವೂ ಹತ್ತರಲ್ಲಿ ಒಂದು ಯಂತ್ರದಷ್ಟು ಶಕ್ತಿಯನ್ನು ಕಳೆದುಕೊಳ್ಳಲು ಒಪ್ಪೀತೆ?

ಇದಕ್ಕೆ ಕಂಡುಹಿಡಿದ ಪರಿಹಾರ ಬಹು ಸೊಗಸಾದುದು. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ 'ಕರೆ' ಎಂಬ ಆದೇಶಕ್ಕೆ 5 ಬೈಟುಗಳು: ಮೊದಲನೆಯದು ಕರೆ ಎಂಬುದರ ಗುರುತು, ಉಳಿದ ನಾಲ್ಕು ಹೋಗಬೇಕಾದ ಸ್ಥಳದ ದೂರ. ಅದೇ ಪ್ರೊಸೆಸರುಗಳಿಗೆ ಇನ್ನೊಂದು ವಿಚಿತ್ರವಾದ ಆದೇಶವೂ ತಿಳಿದಿದೆ. ಅದರ ಅರ್ಥ 'ಏನನ್ನೂ ಮಾಡಬೇಡ, ಮುಂದಕ್ಕೆ ಹೋಗು' ಎಂದು. ಅದರ ಹೆಸರು ನೋಪ್. ಈ ನಿಷ್ಕ್ರಿಯ ಆದೇಶವನ್ನು ಬೇರೆ ಬೇರೆ ಉದ್ದಗಳಲ್ಲಿ ಬರೆಯಬಹುದು. ಸರಿಯಾಗಿ 5 ಬೈಟಿನದೂ ಇದೆ. ಹಾಗಾದರೆ ಕಂಪೈಲರು ಸೇರಿಸಿದ ಕರೆಗಳನ್ನೆಲ್ಲ ಅಳಿಸಿ ಆ ಜಾಗದಲ್ಲಿ ನೋಪ್ ಬರೆದಿಡೋಣ. ಜಾಡು ಬೇಕೆಂದಾಗ ನೋಪನ್ನು ಅಳಿಸಿ ಕರೆಯನ್ನು ಬರೆಯೋಣ. ಸಾಕೆಂದಾಗ ಮತ್ತೆ ನೋಪ್. ಕೊಕ್ಕೆಯ ಜಾಗ ಸದಾ ಇರುತ್ತದೆ, ಕೊಕ್ಕೆ ಮಾತ್ರ ಬೇಕಾದಾಗ ಬರುತ್ತದೆ. ಬೇಡವಾದಾಗಿನ ಖರ್ಚು ಅಳತೆಗೆ ಸಿಕ್ಕದಷ್ಟು ಅಲ್ಪ. ವೋಲ್ಟ್‌ಮೀಟರಿನ ರೋಧವನ್ನು ಅನಂತಕ್ಕೆ ಏರಿಸಿದಂತೆಯೇ ಆಯಿತೆನ್ನಬಹುದು.

ಆದರೆ ಇದರ ಅರ್ಥವೇನೆಂಬುದನ್ನು ಸ್ವಲ್ಪ ನಿಂತು ಯೋಚಿಸಬೇಕು. ನಡೆಯುತ್ತಿರುವ ಕರ್ನೆಲ್ ತನ್ನ ಆದೇಶಗಳನ್ನು ತಾನೇ ತಿದ್ದಿ ಬರೆಯುತ್ತಿದೆ! ರೈಲುನಿಲ್ದಾಣದಲ್ಲಿ ಮುಖ್ಯ ಹಳಿಯಿಂದ ಗಾಡಿಯನ್ನು ಪಕ್ಕದ ಹಳಿಗೆ ತಿರುಗಿಸುವ ಕೀಲುಹಳಿಗಳನ್ನು ವಾಚಕರು ನೋಡಿರಬಹುದು. ಗಾಡಿ ದೂರದಲ್ಲಿರುವಾಗ ಅವನ್ನು ತಿರುಗಿಸಿದರೆ ಬಾಧಕವಿಲ್ಲ. ಮುಂದಿನ ಗಾಲಿಗಳು ದಾಟಿ ಹಿಂದಿನವು ಇನ್ನೂ ದಾಟದಿರುವಾಗ ತಿರುಗಿಸಿದರೆ ಗಾಡಿ ಉರುಳುತ್ತದೆ. ಬೈಟುಗಳ ಕಥೆಯೂ ಹಾಗೆಯೇ. ಒಂದು ಪ್ರೊಸೆಸರು ನೋಪಿನ ಮೊದಲ ಎರಡು ಬೈಟುಗಳನ್ನು ಓದಿರುವಾಗ ಇನ್ನೊಂದು ಪ್ರೊಸೆಸರು ಆ ಜಾಗದಲ್ಲಿ ಕರೆಯನ್ನು ಬರೆದರೆ, ಮೊದಲನೆಯದರ ಕೈಗೆ ಅರ್ಧ ನೋಪ್, ಅರ್ಧ ಕರೆ ಸೇರಿದ ಅರ್ಥವಿಲ್ಲದ ಆದೇಶ ಸಿಕ್ಕುತ್ತದೆ. ಆದುದರಿಂದ ಆರಂಭದ ಎಫ್‌ಟ್ರೇಸ್ ಅತಿ ಜಾಗರೂಕತೆಯಿಂದ, ತಿದ್ದುವಾಗ ಯಂತ್ರದಲ್ಲಿರುವ ಉಳಿದೆಲ್ಲ ಪ್ರೊಸೆಸರುಗಳನ್ನೂ ಕ್ಷಣಕಾಲ ಸುಮ್ಮನೆ ನಿಲ್ಲಿಸುತ್ತಿತ್ತು. ಇಷ್ಟೆಲ್ಲ ಎಚ್ಚರಿಕೆ ವಹಿಸಿಯೂ ಅಪಾಯ ಬೇರೊಂದು ದಿಕ್ಕಿನಿಂದ ಬಂತು.

2008ರ ಸೆಪ್ಟೆಂಬರಿನಲ್ಲಿ 2.6.27 ಎಂಬ ಸಂಖ್ಯೆಯ ಕರ್ನೆಲ್ ಇನ್ನೂ ಪರೀಕ್ಷೆಯಲ್ಲಿದ್ದಾಗ, ಅದನ್ನು ಬಳಸಿ ನೋಡುತ್ತಿದ್ದ ಕೆಲವರ ಕಂಪ್ಯೂಟರುಗಳಲ್ಲಿ ಜಾಲಸಂಪರ್ಕದ ಭಾಗ ಇದ್ದಕ್ಕಿದ್ದಂತೆ ಸತ್ತುಹೋಯಿತು. ಇಂಟೆಲ್ ಸಂಸ್ಥೆಯ ಒಂದು ಬಗೆಯ ಜಾಲಸಾಧನಗಳಿಗೆ ಮಾತ್ರ ಹೀಗಾಗುತ್ತಿತ್ತು; ಅವನ್ನು ನಡೆಸುವ ಡ್ರೈವರಿನ ಹೆಸರು ಇ1000ಇ. ಕಂಪ್ಯೂಟರನ್ನು ಆರಿಸಿ ಹಚ್ಚಿದರೂ, ಹಳೆಯ ಕರ್ನೆಲ್ಲಿಗೆ ಹಿಂತಿರುಗಿದರೂ ಪ್ರಯೋಜನವಿರಲಿಲ್ಲ. ಆ ಸಾಧನದಲ್ಲಿ ವಿದ್ಯುತ್ತು ಹೋದರೂ ಅಳಿಯದ ಒಂದು ಪುಟ್ಟ ಮೆಮೊರಿಯಿದೆ. ಸಾಧನದ ಗುರುತು, ಹೊಂದಾಣಿಕೆಯ ವಿವರಗಳು ಅದರಲ್ಲಿರುತ್ತವೆ. ಆ ಮೆಮೊರಿಯೇ ಕೆಟ್ಟುಹೋಗಿತ್ತು. ಪ್ರೋಗ್ರಾಮಿನಲ್ಲಿಯ ದೋಷದಿಂದ ಪ್ರೋಗ್ರಾಮು ಕೆಡುವುದು ದಿನದಿನದ ಮಾತು. ಅದರಿಂದ ಯಂತ್ರವೇ ಕೆಡುವುದು ಅಪರೂಪ. ಹೊಸ ಕರ್ನೆಲ್ಲನ್ನು ಪರೀಕ್ಷೆಗೆಂದು ಹಂಚುತ್ತಿದ್ದ ಲಿನಕ್ಸ್ ವಿತರಕರು ಬಳಕೆದಾರರಿಗೆ ಎಚ್ಚರಿಕೆ ಕೊಡಬೇಕಾಯಿತು.

ಮೊದಲು ಸಂಶಯ ಬಿದ್ದುದು ಸಹಜವಾಗಿಯೇ ಆ ಡ್ರೈವರಿನ ಮೇಲೆ. ಅದನ್ನು ಎಷ್ಟು ಶೋಧಿಸಿದರೂ ತಪ್ಪು ಸಿಕ್ಕಲಿಲ್ಲ. ಸಾಧನದ ಮೆಮೊರಿಗೆ ಬರೆಯುವುದನ್ನೇ ಬೀಗ ಹಾಕಿ ತಡೆಯುವ ತಿದ್ದುಪಡಿಯನ್ನು ಇಂಟೆಲ್ಲಿನವರು ಮಾಡಿಕೊಟ್ಟರು. ಅದರಿಂದ ಹಾನಿ ನಿಂತಿತು. ಆದರೆ ಬರೆಯುತ್ತಿದ್ದವರು ಯಾರೆಂಬುದು ತಿಳಿಯದೆಯೇ ಅಕ್ಟೋಬರ್ 9ರಂದು 2.6.27 ಬಿಡುಗಡೆಯಾಯಿತು. ಕರ್ನೆಲ್ಲಿನ ಒಂದೊಂದು ಭಾಗವನ್ನೂ ಆರಿಸಿ ನೋಡುತ್ತ ಹೋದ ಪರೀಕ್ಷಕರಿಗೆ ಕಡೆಗೆ ಸಿಕ್ಕಿಬಿದ್ದುದು, ಜಾಲಕ್ಕೆ ಯಾವ ಸಂಬಂಧವೂ ಇಲ್ಲದ ಎಫ್‌ಟ್ರೇಸ್!

ಅದು ನಡೆದ ಬಗೆಯನ್ನು ರೋಸ್ಟೆಡ್ ವಿವರಿಸಿದನು. ಆಗಿನ ಎಫ್‌ಟ್ರೇಸಿಗೆ ತನ್ನ ಕೊಕ್ಕೆಗಳು ಎಲ್ಲೆಲ್ಲಿ ಇವೆಯೆಂಬುದು ಮೊದಲೇ ತಿಳಿದಿರುತ್ತಿರಲಿಲ್ಲ. ಒಂದು ಫಂಕ್ಷನ್ ಮೊದಲ ಸಲ ಎಂಕೌಂಟನ್ನು ಕರೆದಾಗ, ಕರೆ ಬಂದ ವಿಳಾಸವನ್ನು ಅದು ಒಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತಿತ್ತು. ಸೆಕೆಂಡಿಗೊಮ್ಮೆ ಎಚ್ಚರಗೊಳ್ಳುವ ಒಬ್ಬ ಸೇವಕ ಆ ಪಟ್ಟಿಯನ್ನು ನೋಡಿ, ಆ ವಿಳಾಸಗಳಲ್ಲಿರುವ ಕರೆಗಳನ್ನು ನೋಪ್‌ಗಳಾಗಿ ಬದಲಿಸುತ್ತಿದ್ದನು. ಈಗ, ಕರ್ನೆಲ್ಲಿಗೆ ಸೇರುವ ಡ್ರೈವರು ಮೊದಲಾದ ಭಾಗಗಳಲ್ಲಿ ಆರಂಭದಲ್ಲಿ ಒಮ್ಮೆ ಮಾತ್ರ ಬೇಕಾಗುವ ಫಂಕ್ಷನ್ನುಗಳಿರುತ್ತವೆ. ಅವುಗಳ ಕೆಲಸ ಮುಗಿದೊಡನೆ ಕರ್ನೆಲ್ ಆ ಮೆಮೊರಿಯ ಜಾಗವನ್ನು ತೆರವು ಮಾಡಿ ಬೇರೆಯವರಿಗೆ ಕೊಟ್ಟುಬಿಡುತ್ತದೆ. ಫಂಕ್ಷನ್ ಹೋಯಿತು, ಪಟ್ಟಿಯಲ್ಲಿ ಅದರ ವಿಳಾಸ ಉಳಿಯಿತು. ಬಾಡಿಗೆದಾರರು ಮನೆ ಬಿಟ್ಟುಹೋದುದನ್ನು ತಿಳಿಯದೆ ಅಂಚೆಯವನು ಹಳೆಯ ವಿಳಾಸಕ್ಕೇ ಕಾಗದ ಹಾಕಿದಂತೆ, ಸೇವಕನು ಆ ವಿಳಾಸಕ್ಕೆ ಹೋಗುತ್ತಿದ್ದನು. ಆ ಮನೆಗೆ ಅಷ್ಟರಲ್ಲಿ ಯಾರು ಬಂದಿದ್ದರೋ!

ಈ ಸಂಭವವನ್ನು ಎಫ್‌ಟ್ರೇಸ್ ಬರೆದವರು ಯೋಚಿಸದೆ ಇರಲಿಲ್ಲ. ಅದಕ್ಕಾಗಿಯೇ ಅವರು ಪ್ರೊಸೆಸರಿನ 'ಹೋಲಿಸಿ ಬದಲಿಸು' ಎಂಬ ಆದೇಶವನ್ನು ಬಳಸಿದ್ದರು. ವಿಳಾಸದಲ್ಲಿ ನಿರೀಕ್ಷಿಸಿದ ಬೈಟುಗಳೇ ಇದ್ದರೆ ಹೊಸದನ್ನು ಬರೆ, ಇಲ್ಲವಾದರೆ ಇದ್ದುದನ್ನು ಇದ್ದಂತೆಯೇ ಬಿಡು ಎಂಬುದು ಅದರ ಫಲ. ಆದರೆ ಯಂತ್ರದೊಳಗೆ 'ಇದ್ದಂತೆಯೇ ಬಿಡು' ಎಂಬುದು ಹೇಗೆ ನಡೆಯುತ್ತದೆ ಗೊತ್ತೆ? ಹೋಲಿಕೆ ತಪ್ಪಿದರೂ ಪ್ರೊಸೆಸರು ಬರೆಯುವ ಕ್ರಿಯೆಯನ್ನು ಬಿಡುವುದಿಲ್ಲ. ಓದಿದ ಹಳೆಯ ಬೆಲೆಯನ್ನೇ ಅಲ್ಲಿಗೆ ಮರಳಿ ಬರೆಯುತ್ತದೆ. ಸಾಮಾನ್ಯ ಮೆಮೊರಿಯಲ್ಲಿ ಎರಡಕ್ಕೂ ಭೇದವಿಲ್ಲ. ಆದರೆ ತೆರವಾದ ಆ ವಿಳಾಸವನ್ನು ಕರ್ನೆಲ್ ಜಾಲಸಾಧನದ ಅಳಿಯದ ಮೆಮೊರಿಗೆ ಕೊಟ್ಟಿದ್ದರೆ? ಅಲ್ಲಿಗೆ ಬರೆಯುವುದೆಂದರೆ ಸಾಧನಕ್ಕೆ ಅಪ್ಪಣೆ ಕೊಟ್ಟಂತೆ. ಏನು ಬರೆದೆವೆಂಬುದಕ್ಕಿಂತ ಬರೆದೆವೆಂಬುದೇ ಅಲ್ಲಿ ಮುಖ್ಯ. ಹಾಗೆ ಬರೆಯುತ್ತ ಬರೆಯುತ್ತ ಆ ಮೆಮೊರಿಯ ವಿವರಗಳು ಹಾಳಾದುವು. ಅಕ್ಟೋಬರ್ 15ರ 2.6.27.1ರಲ್ಲಿ ಈ ತಿದ್ದಿಬರೆಯುವ ಎಫ್‌ಟ್ರೇಸನ್ನು ಯಾರೂ ಬಳಸದಂತೆ ಆರಿಸಿಟ್ಟರು.

ನಮಗೆ ಈ ಪ್ರಸಂಗದಲ್ಲಿ ಎಲ್ಲಕ್ಕಿಂತ ಗಮನಾರ್ಹವಾಗಿ ತೋರುವುದು, ಯಾರೂ ಆಗ ಜಾಡನ್ನೇ ಹಿಡಿಯುತ್ತಿರಲಿಲ್ಲವೆಂಬುದು. ಉಪಕರಣವನ್ನು ಇಲ್ಲದಂತೆ ಮಾಡುವ ಪ್ರಯತ್ನವೇ ಹಾನಿ ಮಾಡಿತು. ಖರ್ಚಿಲ್ಲದ ಅಳತೆಯನ್ನು ಬಯಸಿದ್ದಕ್ಕೆ ಬೆಲೆಯನ್ನು ಬೇರೆ ನಾಣ್ಯದಲ್ಲಿ ತೆರಬೇಕಾಯಿತು.

ಅದೇ ವರ್ಷದ ಡಿಸೆಂಬರಿನ 2.6.28ರಲ್ಲಿ ಎಫ್‌ಟ್ರೇಸ್ ಹೊಸ ರೂಪದಲ್ಲಿ ಹಿಂತಿರುಗಿತು. ಕೊಕ್ಕೆಗಳ ವಿಳಾಸಗಳನ್ನು ಯಂತ್ರ ನಡೆಯುವಾಗ ಕಲೆಹಾಕುವುದನ್ನು ಬಿಟ್ಟು, ಕರ್ನೆಲ್ಲನ್ನು ಕಟ್ಟುವಾಗಲೇ ಒಂದು ಚಿಕ್ಕ ಪ್ರೋಗ್ರಾಮು ಅವನ್ನೆಲ್ಲ ಹುಡುಕಿ ಪಟ್ಟಿ ಮಾಡಿ ಕರ್ನೆಲ್ಲಿನೊಳಗೇ ಇಡುವಂತೆ ಮಾಡಿದರು. ಯಂತ್ರ ಹೊತ್ತಿಕೊಳ್ಳುವಾಗ, ಇನ್ನೂ ಒಂದೇ ಪ್ರೊಸೆಸರು ಎಚ್ಚರವಾಗಿರುವಾಗಲೇ, ಮೂಲ ಕರ್ನೆಲ್ಲಿನ ಕರೆಗಳೆಲ್ಲ ನೋಪ್‌ಗಳಾಗುತ್ತವೆ. ಡ್ರೈವರುಗಳು ಒಳಬರುವಾಗ ಅವು ಕೆಲಸ ಆರಂಭಿಸುವುದಕ್ಕೆ ಮುಂಚೆ ಅವುಗಳ ಕರೆಗಳೂ ಹಾಗೆಯೇ. ಸೆಕೆಂಡಿಗೊಮ್ಮೆ ಏಳುವ ಸೇವಕನಿಗೆ ಕೆಲಸವಿಲ್ಲವಾಯಿತು. ಇದಲ್ಲದೆ, ಬರೆಯುವ ಮುನ್ನ ಈಗ ಅದು ಪ್ರತ್ಯೇಕವಾಗಿ ಓದಿ ನೋಡುತ್ತದೆ. ನಿರೀಕ್ಷಿಸಿದ ಬೈಟುಗಳಲ್ಲಿ ಒಂದು ಬೇರೆಯಾಗಿ ಕಂಡರೂ ಬರೆಯದೆ, ಎಚ್ಚರಿಕೆಯ ಸಂದೇಶ ಕೊಟ್ಟು, ತನ್ನನ್ನು ತಾನೇ ಶಾಶ್ವತವಾಗಿ ಆರಿಸಿಕೊಳ್ಳುತ್ತದೆ. ಮತ್ತೆ ಬೇಕಾದರೆ ಯಂತ್ರವನ್ನೇ ಹೊಸದಾಗಿ ಆರಂಭಿಸಬೇಕು.

ಎಲ್ಲ ಪ್ರೊಸೆಸರುಗಳನ್ನೂ ನಿಲ್ಲಿಸುವ ಪದ್ಧತಿಯೂ ಬಹುಕಾಲ ಉಳಿಯಲಿಲ್ಲ. 2012ರಿಂದ ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಇದಕ್ಕೆ ಬದಲಾಗಿ ಕೆಂಪು ಬಾವುಟದ ಉಪಾಯವನ್ನು ಅನುಸರಿಸುತ್ತಾರೆ. ಒಂದೇ ಬೈಟಿನಷ್ಟು ಉದ್ದದ 'ತಡೆ' ಎಂಬ ಆದೇಶ ಈ ಪ್ರೊಸೆಸರುಗಳಲ್ಲಿದೆ. ಒಂದು ಬೈಟನ್ನು ಬರೆಯುವಾಗ ಅರ್ಧ ಬರೆದ ಸ್ಥಿತಿಯೆಂಬುದಿಲ್ಲ. ಮೊದಲು ಐದು ಬೈಟುಗಳಲ್ಲಿ ಮೊದಲನೆಯದರ ಮೇಲೆ ಈ ತಡೆಯನ್ನು ಬರೆಯುತ್ತಾರೆ. ಅಲ್ಲಿಗೆ ಯಾವ ಪ್ರೊಸೆಸರು ಬಂದರೂ ತಡೆಯ ಬಳಿ ನಿಂತು, ಕರ್ನೆಲ್ಲಿನ ಅಪ್ಪಣೆಯಂತೆ ಐದು ಬೈಟುಗಳನ್ನೂ ಹಾರಿ ಮುಂದಕ್ಕೆ ಹೋಗುತ್ತದೆ. ಹೀಗೆ ಬಾವುಟ ಹಿಡಿದ ಮೇಲೆ ಉಳಿದ ನಾಲ್ಕು ಬೈಟುಗಳನ್ನು ನಿಶ್ಚಿಂತೆಯಿಂದ ತಿದ್ದಬಹುದು. ಕೊನೆಗೆ ಮೊದಲ ಬೈಟನ್ನು ಸರಿಪಡಿಸಿದರೆ ಬಾವುಟ ಇಳಿದಂತೆ. ಪ್ರತಿ ಹಂತದ ನಡುವೆಯೂ ಎಲ್ಲ ಪ್ರೊಸೆಸರುಗಳಿಗೂ ಹೊಸ ಸ್ಥಿತಿ ತಿಳಿಯಿತೆಂದು ಖಚಿತಪಡಿಸಿಕೊಳ್ಳುತ್ತಾರೆ. ಯಾವ ಗಾಡಿಯೂ ನಿಲ್ಲಬೇಕಾಗಿಲ್ಲ, ಯಾವುದೂ ಉರುಳುವುದಿಲ್ಲ.

ಈ ತಡೆಯ ಆದೇಶವನ್ನೇ ಮುಖ್ಯವಾಗಿ ನಂಬಿದ ಇನ್ನೊಂದು ಬಗೆಯ ಕೊಕ್ಕೆ ಇದಕ್ಕಿಂತ ಹಳೆಯದು. ಅದರ ಹೆಸರು ಕೆಪ್ರೋಬ್. ಫಂಕ್ಷನ್ನಿನ ಆರಂಭದಲ್ಲಿ ಮಾತ್ರವಲ್ಲ, ಅದರ ನಡುವೆ ಬಹುಮಟ್ಟಿಗೆ ಯಾವ ಆದೇಶದ ಮೇಲಾದರೂ ಇದನ್ನು ಹಾಕಬಹುದು. ಮೂಲ ಆದೇಶವನ್ನು ಬೇರೆಡೆ ನಕಲು ಮಾಡಿಟ್ಟು ಅದರ ಮೊದಲ ಬೈಟಿನ ಮೇಲೆ ತಡೆಯನ್ನು ಬರೆದರೆ, ಅಲ್ಲಿಗೆ ಬಂದ ಪ್ರೊಸೆಸರು ತಡೆದು ನಿಂತು ನಮ್ಮ ದಾಖಲೆಯ ಕೆಲಸವನ್ನು ಮಾಡಿ, ನಕಲನ್ನು ನಡೆಸಿ, ಮುಂದಕ್ಕೆ ಹೋಗುತ್ತದೆ. ತಡೆದು ನಿಲ್ಲಿಸುವುದರಿಂದ ಇದು ಎಫ್‌ಟ್ರೇಸಿಗಿಂತ ದುಬಾರಿ. 2004ರಲ್ಲಿ ಲಿನಕ್ಸಿಗೆ ಸೇರಿದ ಇದರ ನಿರ್ಮಾಣದಲ್ಲಿ ಐ.ಬಿ.ಎಂ. ಸಂಸ್ಥೆಯ ಭಾರತದ ಶಾಖೆಯವರ ಪಾಲು ದೊಡ್ಡದು. ಬೆಂಗಳೂರಿನಲ್ಲಿದ್ದುಕೊಂಡು ದುಡಿದವರೂ ಅವರಲ್ಲಿದ್ದಾರೆ. ಕೆಪ್ರೋಬಿನ ಮೂಲಪಾಠವನ್ನು ತೆರೆದು ಅದರ ತಲೆಬರಹವನ್ನು ಓದಿದರೆ ಪರಿಚಿತವಾದ ರೀತಿಯ ಹೆಸರುಗಳು ನಮ್ಮ ವಿದ್ಯಾರ್ಥಿಗಳಿಗೆ ಕಂಡುಬಂದಾವು.

ಕೊಕ್ಕೆ ಹಾಕುವವರು ಎದುರಿಸಬೇಕಾದ ಇನ್ನೊಂದು ಸ್ವಾರಸ್ಯವಾದ ತೊಡಕನ್ನು ಹೇಳದೆ ಬಿಡುವಂತಿಲ್ಲ. ಜಾಡನ್ನು ಬರೆದಿಡುವ ಕೆಲಸವನ್ನೂ ಮಾಡುವುದು ಕರ್ನೆಲ್ಲಿನ ಫಂಕ್ಷನ್ನುಗಳೇ. ಅವುಗಳಿಗೂ ಕೊಕ್ಕೆಯಿದ್ದರೆ? ಒಂದು ಘಟನೆಯನ್ನು ಬರೆಯಲು ಹೊರಟ ಫಂಕ್ಷನ್ನನ್ನು ಕರೆದದ್ದೇ ಇನ್ನೊಂದು ಘಟನೆಯಾಗುತ್ತದೆ. ಅದನ್ನು ಬರೆಯಲು ಮತ್ತೆ ಅದೇ ಫಂಕ್ಷನ್. ಹೀಗೆ ಕೊನೆಯಿಲ್ಲದೆ ಒಳಗೊಳಗೇ ಸುತ್ತಿ ಯಂತ್ರ ಕುಸಿಯುತ್ತದೆ. ಎದುರುಬದುರು ಇಟ್ಟ ಎರಡು ಕನ್ನಡಿಗಳಲ್ಲಿ ಪ್ರತಿಬಿಂಬದ ಪ್ರತಿಬಿಂಬ ಕಾಣುವಂತೆ. ಇದನ್ನು ತಪ್ಪಿಸಲು ಅಂಥ ಫಂಕ್ಷನ್ನುಗಳಿಗೆ 'ನೋಟ್ರೇಸ್' ಎಂಬ ಗುರುತು ಹಾಕುತ್ತಾರೆ. ಕಂಪೈಲರು ಅವುಗಳಿಗೆ ಕೊಕ್ಕೆಯ ಜಾಗವನ್ನೇ ಬಿಡುವುದಿಲ್ಲ. ಗುರುತು ತಪ್ಪಿಹೋದರೂ ಅಪಾಯವಾಗದಂತೆ, ತಾನು ಈಗಾಗಲೇ ಜಾಡಿನ ಕೆಲಸದಲ್ಲಿದ್ದೇನೆಯೇ ಎಂದು ಎಫ್‌ಟ್ರೇಸ್ ತನ್ನನ್ನು ತಾನೇ ಕೇಳಿಕೊಳ್ಳುವ ಏರ್ಪಾಡೂ ಇದೆ.

ಇದನ್ನೆಲ್ಲ ಕಣ್ಣಾರೆ ನೋಡಬೇಕೆನ್ನುವ ವಿದ್ಯಾರ್ಥಿಗಳಿಗೆ ವಿಶೇಷ ಸಲಕರಣೆಯೇನೂ ಬೇಡ. ಲಿನಕ್ಸ್ ಇರುವ ಕಂಪ್ಯೂಟರೂ, ಅದರಲ್ಲಿ ಆಡಳಿತದ ಅಧಿಕಾರವೂ ಇದ್ದರೆ ಸಾಕು. ಆದರೆ ಕಾಲೇಜಿನ ಯಂತ್ರದ ಮೇಲೆ ಅಪ್ಪಣೆಯಿಲ್ಲದೆ ಮಾಡಬಾರದು. 'ಸಿಸ್', ಅದರೊಳಗೆ 'ಕರ್ನೆಲ್', ಅದರೊಳಗೆ 'ಟ್ರೇಸಿಂಗ್' ಎಂಬ ಕಡತಕೋಶವಿದೆ. ಅಲ್ಲಿ 'ಕರೆಂಟ್ ಟ್ರೇಸರ್' ಎಂಬ ಕಡತವನ್ನು ತೆರೆದು ನೋಡಿದರೆ ಸಾಮಾನ್ಯವಾಗಿ ಅದರಲ್ಲಿರುವುದು 'ನೋಪ್' ಎಂಬ ಒಂದೇ ಪದ. ಅದರ ಬದಲಿಗೆ 'ಫಂಕ್ಷನ್' ಎಂಬ ಪದವನ್ನು ಬರೆದೊಡನೆ ಹತ್ತಾರು ಸಾವಿರ ನೋಪ್‌ಗಳು ಕರೆಗಳಾಗಿ ಮಾರ್ಪಡುತ್ತವೆ. ಪಕ್ಕದಲ್ಲಿರುವ 'ಟ್ರೇಸ್' ಎಂಬ ಕಡತದಲ್ಲಿ, ಯಾವ ಪ್ರೋಗ್ರಾಮು, ಯಾವ ಪ್ರೊಸೆಸರು, ಮೈಕ್ರೊಸೆಕೆಂಡಿನ ನಿಷ್ಕೃಷ್ಟತೆಯಲ್ಲಿ ಯಾವ ಕ್ಷಣ, ಯಾವ ಫಂಕ್ಷನ್ನನ್ನು ಯಾವುದು ಕರೆಯಿತು ಎಂಬುದು ಸಾಲುಸಾಲಾಗಿ ದೊರೆಯುತ್ತದೆ. ನಾವು ಒಂದು ಕೀಲಿಯನ್ನು ಒತ್ತಿದುದಕ್ಕೆ ಎಷ್ಟು ಫಂಕ್ಷನ್ನುಗಳು ಎದ್ದು ಓಡಾಡಿದುವೆಂಬುದನ್ನು ಅಲ್ಲಿ ಎಣಿಸಬಹುದು. ಯಂತ್ರ ಸ್ವಲ್ಪ ನಿಧಾನವಾದುದೂ ಅನುಭವಕ್ಕೆ ಬರುತ್ತದೆ. ಥರ್ಮಾಮೀಟರು ಈಗ ನೀರಿನಲ್ಲಿದೆ. ನೋಡಿ ಮುಗಿದ ಮೇಲೆ ಮೊದಲಿನ ಕಡತಕ್ಕೆ 'ನೋಪ್' ಎಂದು ಮತ್ತೆ ಬರೆದರೆ, ಬಾವುಟಗಳು ಏರಿ ಇಳಿದು, ಪ್ರತಿ ಫಂಕ್ಷನ್ನಿನ ತಲೆಯಲ್ಲಿಯೂ ಏನನ್ನೂ ಮಾಡದ ಆ ಐದು ಬೈಟುಗಳು ಬಂದು ಕೂಡುತ್ತವೆ.